ಆಗಸ್ಟ್ ತಿಂಗಳ ಹಿಮಾಲಯ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಹಿಮಾಲಯವನ್ನು ಕಣ್ಣಾರೆ ನೋಡಿದವಳಲ್ಲ ನಾನು. ಹಗಲು ಕೆಲಸ ಮಾಡಿ ಸಂಜೆ ತರಗತಿಯಲ್ಲಿ ಕಲಿತ ಕನ್ನಡ ನನ್ನದು. ಒಂದು ಪ್ರೀತಿಯ ಕಥೆ ಹೇಳುವುದಕ್ಕೆ ಅಷ್ಟು ಸಾಕೇ ಎಂಬ ಅನುಮಾನ ಈ ಸಾಲು ಬರೆಯುವಾಗಲೂ ಹೋಗಿಲ್ಲ. ಆದರೂ ಸಮೀಕ್ಷಾಳ ಕಥೆಯನ್ನು ಬೇರೆ ಯಾರಾದರೂ ಹೇಳುತ್ತಾರೆಂದು ಕಾದೆ, ಯಾರೂ ಹೇಳಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಈ ಫೋಟೋದಲ್ಲಿ ಏನು ಕಾಣ್ತಿದೆ ಹೇಳಿ."

ಸಮೀಕ್ಷಾಳ ಮೇಜಿನ ಮೇಲೆ ಒಂದು ಫೋನ್ ಬಂದು ಕೂತಿತು. ಅವಳು ತಲೆಯೆತ್ತಿದಳು.

ಎದುರಿಗೆ ನಿಂತಿದ್ದವನು ಸುದರ್ಶನ್. ತುಮಕೂರಿನವನು, ಕೆನ್ಯಾದ ನೈರೋಬಿಯಲ್ಲಿ ಅಪ್ಪರ್ ಹಿಲ್‌ನ ಒಂದು ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ. ಜುಲೈನಲ್ಲಿ ಹೈರಿಡ್ಜ್ ಬಡಾವಣೆಯ ಇದೇ ಪುಟ್ಟ ಟ್ರಾವೆಲ್ ಆಫೀಸಿಗೆ ಬಂದು, ತಾಯಿಗೆ ಹಿಮಾಲಯ ತೋರಿಸಬೇಕೆಂದು ಕೌಸಾನಿ ಎಂಬ ಬೆಟ್ಟದೂರಿಗೆ ಪ್ರವಾಸ ಬುಕ್ ಮಾಡಿಸಿದ್ದ. ಆಗ ನಗುನಗುತ್ತಾ ಮಾತಾಡಿದ್ದ. ಈಗ ಆ ನಗು ಇರಲಿಲ್ಲ.

ಅವಳು ಫೋಟೋ ನೋಡಿದಳು. ಮಂಕಿ ಕ್ಯಾಪ್ ಹಾಕಿಕೊಂಡ ಹಿರಿಯ ಹೆಂಗಸೊಬ್ಬರು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಶಿಖರಗಳ ಹೆಸರು ಬರೆದ ಬೋರ್ಡು. ತ್ರಿಶೂಲ, ನಂದಾದೇವಿ, ಪಂಚಚೂಲಿ... ಒಂದೊಂದಕ್ಕೂ ಬಾಣದ ಗುರುತು. ಬಾಣಗಳು ತೋರಿಸುತ್ತಿದ್ದ ಕಡೆ ಮಾತ್ರ ಏನೂ ಇರಲಿಲ್ಲ.

"ನಿಮ್ಮ ತಾಯಿ..." ಎಂದಳು ಮೆಲ್ಲಗೆ.

"ಅವರ ಹಿಂದೆ?"

"ಬಿಳಿ..."

"ಅದು ಹಿಮ ಅಲ್ಲ ಮೇಡಂ, ಮೋಡ. ಹೋದ ದಿನದಿಂದ ಬಂದ ದಿನದವರೆಗೆ ಬರೀ ಮೋಡ. ಆಗಸ್ಟ್‌ನಲ್ಲಿ ಕ್ಲಿಯರ್ ವ್ಯೂ ಸಿಗತ್ತೆ ಅಂತ ಹೇಳಿದ್ದು ನೀವೇ ತಾನೇ?"

ಸಮೀಕ್ಷಾಳ ಕಿವಿ ಬಿಸಿಯಾಯಿತು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಅವಳು ಮಾಡಿದ ಮೊದಲ ಬುಕಿಂಗ್ ಅದು. ನೈರೋಬಿಯ ಸೌತ್ ಸಿ ಬಡಾವಣೆಯಲ್ಲೇ ಹುಟ್ಟಿ ಬೆಳೆದವಳು. ಅವಳ ಪಾಲಿಗೆ ಆಗಸ್ಟ್ ಅಂದರೆ ಶಾಲೆಗೆ ರಜೆ, ಸ್ವೆಟರ್, ತಣ್ಣನೆಯ ಒಣಗಾಳಿ. ಮಳೆ ಬರುವುದು ಏಪ್ರಿಲ್‌ನಲ್ಲಿ. ಇಡೀ ಭೂಮಿಗೇ ಹಾಗೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಂಬಿಕೊಂಡಿದ್ದಳು. ಪರೀಕ್ಷಿಸಿ ನೋಡಬೇಕೆಂದು ಹೊಳೆದೇ ಇರಲಿಲ್ಲ.

"ಆಗಸ್ಟ್‌ನಲ್ಲಿ ಮಳೆ ಇರಲ್ಲ ಅಂತ ಅಂದ್ಕೊಂಡೆ ಸರ್..."

"ಎಲ್ಲಿ ಇರಲ್ಲ?"

"ಇಲ್ಲಿ..."

ಸುದರ್ಶನ್ ಬೈಯಲು ತಂದಿದ್ದ ಮಾತೆಲ್ಲ ಆ ಒಂದು ಉತ್ತರದ ಮುಂದೆ ಎಡವಿ ಬಿದ್ದಂತಾಯಿತು. ಆದರೂ ಕೋಪ ಇಳಿಯಲಿಲ್ಲ.

"ನಮ್ಮಮ್ಮ ಹೈಸ್ಕೂಲಲ್ಲಿ ಟೀಚರ್ ಆಗಿದ್ರು. ಹಿಮಾಲಯ ನೋಡಬೇಕು ಅನ್ನೋದು ಜೀವಮಾನದ ಆಸೆ. ಮಂಡಿ ನೋವು ಜಾಸ್ತಿಯಾಗಿದೆ, ಇನ್ಮೇಲೆ ಬೆಟ್ಟದ ದಾರಿ ಬೇಡ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಇದ್ದದ್ದು ಒಂದೇ ಚಾನ್ಸು. ನಿಮ್ಮ ಬಾಸ್‌ಗೆ ಕಂಪ್ಲೇಂಟ್ ಕೊಟ್ಟಿದ್ದೀನಿ."

ಫೋನ್ ಎತ್ತಿಕೊಂಡು ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೂ ಆ ಬಾಣದ ಗುರುತುಗಳು ಸಮೀಕ್ಷಾಳ ಕಣ್ಣ ಮುಂದೆಯೇ ಇದ್ದವು. ಒಬ್ಬರ ಜೀವಮಾನದ ಆಸೆ... ನನ್ನ ಕೈಯಲ್ಲಿ ಹೀಗಾಯಿತಲ್ಲ...

ಆಫೀಸಿನ ಯಜಮಾನ ಮೆಲ್ವಿನ್ ಮಂಗಳೂರಿನವರು. ಗದರುವಾಗಲೂ ಟೀ ಮುಂದಿಟ್ಟು ಗದರುವ ಮನುಷ್ಯ.

"ನಮ್ಮಲ್ಲೊಂದು ಕ್ರಮ ಉಂಟು ಮಾರಾಯ್ತಿ. ಗಿರಾಕಿಗೆ ಬೇಜಾರಾದ್ರೆ ಒಂದು ದಿನ ನಾವೇ ಇಲ್ಲಿ ಎಲ್ಲಿಗಾದ್ರೂ ಕರ್ಕೊಂಡು ಹೋಗಿ ಸಮಾಧಾನ ಮಾಡುವುದು. ಈ ಶನಿವಾರ ಹೋಗು. ಅವರು ಕಂಪ್ಲೇಂಟ್ ವಾಪಸ್ ತಗೊಂಡ್ರೆ ನಿನ್ನ ಕೆಲಸ ಉಳೀತು. ಇಲ್ಲದಿದ್ರೆ ನನಗೂ ಕಷ್ಟ ಆಗ್ತದೆ."

ಶನಿವಾರ ಬೆಳಿಗ್ಗೆ ಸಮೀಕ್ಷಾ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಸುದರ್ಶನ್ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆದವರು ಚಂದ್ರಿಕಾ, ಸುದರ್ಶನ್‌ನ ತಾಯಿ. ಕೈಯಲ್ಲಿ ಊರುಗೋಲು, ಮುಖದಲ್ಲಿ ತುಂಟತನ.

"ನೀನೇನಾ ನಮಗೆ ಮೋಡ ತೋರಿಸಿದ ಹುಡುಗಿ?"

ಸಮೀಕ್ಷಾಳ ಕಣ್ಣು ತುಂಬಿಬಿಟ್ಟಿತು.

"ಅಯ್ಯೋ, ಅಳ್ತಾರಾ ಇದಕ್ಕೆಲ್ಲ? ಮೋಡ ಚೆನ್ನಾಗೇ ಇತ್ತು. ಒಳಗೆ ಬಾ. ನಿನ್ನ ಗಿರಾಕಿ ಶೂ ಹುಡುಕ್ತಿದ್ದಾನೆ."

ಆ ದಿನ ಅವರು ಹೋದದ್ದು ಲಿಮುರು ಕಡೆಯ ಟೀ ತೋಟಕ್ಕೆ. ಸುದರ್ಶನ್ ಮಾತಿಲ್ಲದೆ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಚಂದ್ರಿಕಾ ಮಾತು ನಿಲ್ಲಿಸಲಿಲ್ಲ.

ತೋಟ ಕಂಡೊಡನೆ ಅವರು ಕಿಟಕಿಯ ಗಾಜು ಇಳಿಸಿದರು. ಬೆಟ್ಟದ ಇಳಿಜಾರಿನ ತುಂಬ ಹಸಿರು. ನಡುನಡುವೆ ಸಿಲ್ವರ್ ಓಕ್ ಮರಗಳು. ಎಲೆಗಳ ಮೇಲೆ ಬಿಸಿಲು ಜಾರುತ್ತಿತ್ತು.

"ಕೌಸಾನಿಯಲ್ಲೂ ಟೀ ತೋಟ ನೋಡಿದ್ವಿ," ಎಂದರು ಚಂದ್ರಿಕಾ. "ಕೊಡೆ ಕೆಳಗಿಂದ. ಎರಡು ಸಾಲು ಗಿಡ ಕಂಡಿತು. ಮೂರನೇ ಸಾಲಿಂದ ಮೋಡ. ನಿನಗೊಂದು ವಿಷಯ ಗೊತ್ತಾ? ಆ ಊರು, ನಿಮ್ಮ ನೈರೋಬಿ, ಎರಡೂ ಹೆಚ್ಚೂಕಮ್ಮಿ ಒಂದೇ ಎತ್ತರದಲ್ಲಿವೆ. ಅದಕ್ಕೇ ಗಾಳಿ ಒಂದೇ ಥರ."

ಸಮೀಕ್ಷಾಳೊಳಗೆ ಏನೋ ಹೊತ್ತಿಕೊಂಡಿತು.

"ಆಂಟಿ... ಹಾಗಾದ್ರೆ ಅಲ್ಲಿ ನಿಮಗೆ ಏನೇನು ತಪ್ಪಿತೋ ಅದನ್ನೆಲ್ಲ ಇಲ್ಲಿ ಹುಡುಕೋಣ್ವಾ?"

"ರುದ್ರಧಾರಿ ಜಲಪಾತ ತಪ್ಪಿತು. ಮಳೆಗೆ ದಾರಿ ಕೊಚ್ಚಿಹೋಗಿತ್ತು."

"ಕರೂರಾ ಕಾಡಲ್ಲಿ ಜಲಪಾತ ಇದೆ."

"ಬೈಜನಾಥದ ಕೊಳದಲ್ಲಿ ದೊಡ್ಡ ದೊಡ್ಡ ಮೀನಂತೆ. ನೀರು ಕೆಂಪಾಗಿ ಒಂದೂ ಕಾಣಲಿಲ್ಲ."

"ಮೀನು... ಆರ್ಬೊರೇಟಂ ಪಾರ್ಕಲ್ಲಿ ಕೋತಿ ಇವೆ ಆಂಟಿ. ನಡೆಯತ್ತಾ?"

ಚಂದ್ರಿಕಾ ಗಟ್ಟಿಯಾಗಿ ನಕ್ಕರು. "ನಡೆಯತ್ತೆ, ನಡೆಯತ್ತೆ."

"ಹಿಮದ ಶಿಖರಕ್ಕೆ ಏನ್ ಮಾಡ್ತೀರ?" ಎಂದ ಸುದರ್ಶನ್. ಆ ದಿನ ಅವನ ಮೊದಲ ಮಾತು ಅದು. "ಫ್ರಿಜ್ ತೆಗೆದು ತೋರಿಸ್ತೀರಾ?"

ಸಮೀಕ್ಷಾ ಹೆದರಲಿಲ್ಲ. ಇದೊಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮೌಂಟ್ ಕೆನ್ಯಾ. ಮಳೆ ಬಂದು ಹೋದ ಬೆಳಿಗ್ಗೆ ನೈರೋಬಿಯಿಂದಲೇ ಕಾಣತ್ತೆ. ಚಿಕ್ಕವಳಿದ್ದಾಗ ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರು."

"ಇಷ್ಟು ವರ್ಷ ಅಪ್ಪರ್ ಹಿಲ್‌ನಲ್ಲಿ ಮೇಲಿನ ಫ್ಲೋರಲ್ಲಿ ಕೂತಿದ್ದೀನಿ. ಒಂದು ದಿನವೂ ಕಂಡಿಲ್ಲ."

"ನೀವು ಆಫೀಸಿಗೆ ಎಷ್ಟು ಗಂಟೆಗೆ ಹೋಗ್ತೀರ ಸರ್?"

"ಒಂಬತ್ತಕ್ಕೆ."

"ಬೆಟ್ಟ ಏಳಕ್ಕೇ ಡ್ಯೂಟಿ ಮುಗಿಸಿ ಹೋಗಿರತ್ತೆ."

ಸುದರ್ಶನ್‌ಗೆ ನಗು ತಡೆಯಲಾಗಲಿಲ್ಲ. ಅದನ್ನು ಮುಚ್ಚಲು ಟೀ ಗಿಡಗಳ ಕಡೆ ತಿರುಗಿಕೊಂಡ. ಅವನ ಹೆಗಲು ಅಲುಗುತ್ತಿದ್ದುದನ್ನು ಸಮೀಕ್ಷಾ ನೋಡಿದಳು... ನೋಡುತ್ತಲೇ ಇದ್ದಳು.

ಹಿಂತಿರುಗುವ ದಾರಿಯಲ್ಲಿ ಸುದರ್ಶನ್ ಪೆಟ್ರೋಲ್ ಹಾಕಿಸಲು ಇಳಿದಾಗ, ಚಂದ್ರಿಕಾ ಕಾರಿನಲ್ಲಿ ಕೂತೇ ಮೆಲ್ವಿನ್‌ಗೆ ಫೋನ್ ಮಾಡಿದರು. "ನಮ್ಮ ಕಂಪ್ಲೇಂಟ್ ವಾಪಸ್. ಹುಡುಗಿ ಒಳ್ಳೆಯವಳು," ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಸಮೀಕ್ಷಾಳ ಕೆಲಸ ಉಳಿಯಿತು. ಲೆಕ್ಕದ ಪ್ರಕಾರ ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಆದರೆ ಮುಂದಿನ ಶನಿವಾರವೂ ಅವಳ ಬೆರಳು ಅದೇ ಬೆಲ್ ಒತ್ತಿತು. ಅದರ ಮುಂದಿನ ಶನಿವಾರವೂ. ಆರ್ಬೊರೇಟಂನ ಕೋತಿಯೊಂದು ಸುದರ್ಶನ್‌ನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಓಡಿತು. ಚಂದ್ರಿಕಾ, "ಬೈಜನಾಥದ ಮೀನು ಹೀಗೆಲ್ಲ ಮಾಡ್ತಿರಲಿಲ್ಲ ಬಿಡು," ಎಂದರು. ಎನ್‌ಗಾಂಗ್ ಬೆಟ್ಟದ ಗಾಳಿಗೆ ಅವರ ಮಂಕಿ ಕ್ಯಾಪ್ ಹಾರಿಹೋಗಿ, ಅದನ್ನು ಹಿಡಿಯಲು ಓಡಿದ ಇಬ್ಬರೂ ಹುಲ್ಲಿನ ಮೇಲೆ ಡಿಕ್ಕಿ ಹೊಡೆದುಕೊಂಡರು. ಕ್ಯಾಪ್ ಸಿಕ್ಕಿತು. ಡಿಕ್ಕಿ ಹೊಡೆದದ್ದನ್ನು ಮಾತ್ರ ಇಬ್ಬರೂ ಮರೆಯಲಿಲ್ಲ.

ಅಕ್ಟೋಬರ್ ಕೊನೆಗೆ ಮಳೆ ಶುರುವಾಯಿತು. ಸುದರ್ಶನ್ ಕೆಲವು ದಿನ ಬೆಳಗಾಗುವ ಮೊದಲೇ ಆಫೀಸಿಗೆ ಹೋಗಿ ಟೆರೇಸ್ ಹತ್ತಿ ನೋಡತೊಡಗಿದ. ಪ್ರತಿ ಸಲವೂ ಸಮೀಕ್ಷಾಳ ಫೋನಿಗೆ ಒಂದೇ ಮಾತು ಬರುತ್ತಿತ್ತು.

"ಮೋಡ."

ಅವಳೂ ಅಷ್ಟೇ ಬರೆಯುತ್ತಿದ್ದಳು. "ನಾಳೆ."

ಆ ಒಂದೊಂದು ಮಾತಿಗಾಗಿ ತಾನು ಅಲಾರಂ ಇಟ್ಟು ಏಳುತ್ತಿದ್ದೇನೆಂದು ಯಾರಿಗೆ ಹೇಳಲಿ...

ಕರೂರಾ ಕಾಡಿನ ಜಲಪಾತದ ಹತ್ತಿರ ಮಳೆಗೆ ಮೆಟ್ಟಿಲುಗಳು ಜಾರುತ್ತಿದ್ದವು. ಮೇಲೆ ಬೆಂಚಿನ ಮೇಲೆ ಕೂತ ಚಂದ್ರಿಕಾ, "ನೀವಿಬ್ಬರೂ ಹೋಗಿ ನೋಡಿಕೊಂಡು ಬಂದು ನನಗೆ ವರ್ಣನೆ ಮಾಡಿ," ಎಂದು ಕಳಿಸಿದ್ದರು. ಸುದರ್ಶನ್ ಕೈ ಚಾಚಿದ. ಸಮೀಕ್ಷಾ ಹಿಡಿದುಕೊಂಡಳು. ಕೆಳಗಿಳಿದು ಸಮತಟ್ಟಾದ ಜಾಗಕ್ಕೆ ಬಂದರೂ ಕೈ ಬಿಡುವುದು ಯಾರಿಗೂ ನೆನಪಾಗಲಿಲ್ಲ.

"ಸಮೀಕ್ಷಾ, ಮುಂದಿನ ವಾರ ನಿಮ್ಮ ಹತ್ರ ಒಂದು ಮಾತು ಹೇಳಬೇಕು."

"ಈಗಲೇ ಹೇಳಬಹುದಲ್ಲ..."

"ನೀರಿನ ಸದ್ದು ಜಾಸ್ತಿ. ಇನ್ನೊಂದು ಸಲ ಹೇಳಿ ಅಂದ್ರೆ ನನ್ನ ಕೈಲಿ ಆಗಲ್ಲ."

ಅವಳು ತಲೆ ತಗ್ಗಿಸಿ ನಕ್ಕಳು. ಆ ವಾರವಿಡೀ ಮಟಾಟು ವ್ಯಾನಿನ ನೂಕುನುಗ್ಗಲಲ್ಲೂ ಅವಳಿಗೆ ಆ ನೀರಿನ ಸದ್ದೇ ಕೇಳುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಸುದರ್ಶನ್ ಅವಳನ್ನು ಊಟಕ್ಕೆ ಕರೆಯೋಣವೆಂದು ಹೈರಿಡ್ಜ್‌ಗೆ ಬಂದ. ಸಮೀಕ್ಷಾ ಬ್ಯಾಂಕಿಗೆ ಹೋಗಿದ್ದಳು. ಮೆಲ್ವಿನ್ ಖುಷಿಯಿಂದ ಎದುರುಗೊಂಡರು.

"ಬನ್ನಿ ಸರ್, ಬನ್ನಿ. ನಮ್ಮ ಸಮಾಧಾನದ ಟೂರ್ ಹೇಗಾಯ್ತು? ನಿಮ್ಮ ಕಂಪ್ಲೇಂಟಿಗೆ ಪಾಪ ಆ ಹುಡುಗಿಯ ಕೆಲಸವೇ ಹೋಗುವುದರಲ್ಲಿತ್ತು. ನಾನೇ ಹೇಳಿದ್ದು, ತಾಯಿಯನ್ನು ಸುತ್ತಾಡಿಸಿ ಖುಷಿ ಮಾಡು, ಕೆಲಸ ಉಳೀತದೆ ಅಂತ. ಚೆನ್ನಾಗಿ ನೋಡಿಕೊಂಡಳಾ?"

ಅಷ್ಟರಲ್ಲಿ ಮೆಲ್ವಿನ್‌ಗೆ ಫೋನ್ ಬಂತು. ಮಾತು ಅಲ್ಲಿಗೇ ನಿಂತಿತು. ಸುದರ್ಶನ್ ಬಾಗಿಲ ಬಳಿಯೇ ನಿಂತಿದ್ದ.

ಹಾಗಾದರೆ ಆ ಶನಿವಾರಗಳೆಲ್ಲ... ಕೆಲಸಕ್ಕಾಗಿಯೇ? ಕರೂರಾದಲ್ಲಿ ಬಿಡದೆ ಹಿಡಿದುಕೊಂಡಿದ್ದ ಕೈ? ಬೇಡ ಎಂದರೆ ಗಿರಾಕಿ ಮುನಿಸಿಕೊಂಡಾನೆಂಬ ಭಯವೇ ಅದು?

ಸಂಜೆ ಸಮೀಕ್ಷಾ ಸೌತ್ ಸಿಗೆ ಹೋಗುವ ಮಟಾಟುವಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಮೆಸೇಜ್ ಬಂತು.

"ಮೆಲ್ವಿನ್ ಅವರು ಎಲ್ಲ ಹೇಳಿದರು. ನಿಮ್ಮ ಕೆಲಸಕ್ಕೆ ನನ್ನಿಂದ ಯಾವ ತೊಂದರೆಯೂ ಆಗುವುದಿಲ್ಲ. ಇನ್ನು ಶನಿವಾರ ಬರಬೇಕಾಗಿಲ್ಲ. ಇಷ್ಟು ದಿನ ಕಷ್ಟಪಟ್ಟಿದ್ದಕ್ಕೆ ಥ್ಯಾಂಕ್ಸ್."

ಅವಳು ಉತ್ತರ ಬರೆದಳು. ಅಳಿಸಿದಳು. ಮತ್ತೆ ಬರೆದಳು.

ಕೆಲಸಕ್ಕಾಗಿ ಅಲ್ಲ ಎಂದು ಹೇಗೆ ಹೇಳಲಿ? ಮೊದಲನೇ ಶನಿವಾರ ಹೋದದ್ದು ಅದಕ್ಕೇ ಅಲ್ಲವೇ? ಅದು ನಿಜ ತಾನೇ? ಅರ್ಧ ನಿಜವನ್ನು ಬಚ್ಚಿಟ್ಟು ಉಳಿದರ್ಧವನ್ನು ಹೇಳಿದರೆ ಅವನು ಯಾಕೆ ನಂಬಬೇಕು?

ಕೊನೆಗೆ ಏನನ್ನೂ ಕಳಿಸಲಿಲ್ಲ. ಆ ಶನಿವಾರ ಹೋಗಲಿಲ್ಲ. ಮರುವಾರವೂ ಹೋಗಲಿಲ್ಲ. ಮನೆಯಲ್ಲಿ ಅಪ್ಪ, "ಯಾಕಮ್ಮಾ, ಈವತ್ತು ಹಿಮಾಲಯ ಇಲ್ವಾ?" ಎಂದಾಗ ಈರುಳ್ಳಿ ಹೆಚ್ಚುವ ನೆಪ ಮಾಡಿ ಅಡುಗೆಮನೆಗೆ ಹೋದಳು.

ಅತ್ತ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಚಂದ್ರಿಕಾ ಎರಡು ವಾರ ತಡೆದರು. ಆಮೇಲೆ ಒಂದು ಸಂಜೆ, ಹೊರಗೆ ಮಳೆ ಸುರಿಯುತ್ತಿರುವಾಗ, ಮಗನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಹುಡುಗಿ ಯಾಕೆ ಬರ್ತಿಲ್ಲ? ಅವಳಿಗೆ ಹುಷಾರಿಲ್ಲ ಅಂತ ನೀನು ಹೇಳ್ತಿರೋದು ಸುಳ್ಳು. ಸುಳ್ಳು ಹೇಳುವಾಗ ನೀನು ಕನ್ನಡಕ ಒರೆಸ್ತೀಯ."

ಸುದರ್ಶನ್ ಒರೆಸುತ್ತಿದ್ದ ಕನ್ನಡಕವನ್ನು ಕೆಳಗಿಟ್ಟ. ಎಲ್ಲ ಹೇಳಿದ.

ಚಂದ್ರಿಕಾ ಹಣೆ ಚಚ್ಚಿಕೊಂಡರು. "ಪೆದ್ದ. ಕಂಪ್ಲೇಂಟ್ ಮೊದಲನೇ ಶನಿವಾರವೇ ವಾಪಸ್ ಆಗಿದೆ. ನಾನೇ ಕಾರಲ್ಲಿ ಕೂತು ಫೋನ್ ಮಾಡಿದೆ, ಅವಳ ಎದುರಿಗೇ. ನೀನು ಪೆಟ್ರೋಲ್ ಹಾಕಿಸ್ತಿದ್ದೆ. ಅವಳ ಕೆಲಸ ಅವತ್ತೇ ಉಳೀತು. ಆಮೇಲಿನ ಶನಿವಾರಗಳೆಲ್ಲ ಯಾರಿಗೋಸ್ಕರ ಬಂದ್ಲು? ಕೋತಿಗೋಸ್ಕರಾನಾ?"

ಸುದರ್ಶನ್ ಕುರ್ಚಿಯಿಂದ ಎದ್ದ.

"ಇನ್ನೊಂದಿದೆ ಕೇಳು," ಎಂದರು ತಾಯಿ. ಈಗ ಅವರ ದನಿ ತಗ್ಗಿತು. "ನಾನು ಏನು ಪಾಠ ಮಾಡ್ತಿದ್ದೆ?"

"ಭೂಗೋಳ."

"ಅಷ್ಟು ವರ್ಷ ಬೋರ್ಡಿನ ಮೇಲೆ ಮಾನ್ಸೂನಿನ ಬಾಣ ಬರೆದವಳು ನಾನು. ಆಗಸ್ಟ್‌ನಲ್ಲಿ ಹಿಮಾಲಯದಲ್ಲಿ ಮೋಡ ಅಂತ ನನಗೆ ಗೊತ್ತಿರಲ್ವೇನೋ?"

"ಅಮ್ಮಾ... ಗೊತ್ತಿದ್ದೂ ಹೊರಟ್ರಾ?"

"ನೀನು ನನಗೋಸ್ಕರ ರಜೆ ಹಾಕಿದ್ದು ಅದೇ ಮೊದಲು. ಆಗಸ್ಟ್ ಬೇಡ, ಅಕ್ಟೋಬರ್‌ಗೆ ಹೋಗೋಣ ಅಂದಿದ್ರೆ ಅಕ್ಟೋಬರ್‌ನಲ್ಲಿ ನಿನಗೊಂದು ಮೀಟಿಂಗ್ ಬರ್ತಿತ್ತು. ಶಿಖರ ಕಾಣದಿದ್ರೆ ಬೇಡ, ಮಗನ ಪಕ್ಕ ಕೂತು ಮೋಡ ನೋಡಿದ್ರೂ ಸಾಕು ಅನ್ನಿಸ್ತು. ನೀನು ಆ ಹುಡುಗಿ ಮೇಲೆ ಹೋಗಿ ಎಗರಾಡ್ತೀಯ ಅಂತ ನನಗೇನು ಗೊತ್ತು? ಅವಳಿಗೆ ಅವತ್ತೇ ಹೇಳಬೇಕಿತ್ತು... ಹೇಳಿದ್ರೆ ಶನಿವಾರಗಳು ನಿಂತುಹೋಗ್ತವೆ ಅಂತ ಬಾಯಿ ಮುಚ್ಚಿಕೊಂಡೆ. ನನ್ನದೂ ಆಸೆಬುರುಕ ಮನಸ್ಸು."

ಹೊರಗೆ ಮಳೆ ಜೋರಾಯಿತು. ತಾಯಿ ಮಗ ಇಬ್ಬರೂ ಕಿಟಕಿಯ ಕಡೆ ನೋಡಿದರು. ಇಬ್ಬರಿಗೂ ಒಂದೇ ಯೋಚನೆ ಬಂತು.

ಮರುದಿನ ಸಮೀಕ್ಷಾಳ ಫೋನ್ ಬಡಿದುಕೊಂಡಾಗ ಕಿಟಕಿಯಲ್ಲಿ ಇನ್ನೂ ಬೂದುಬಣ್ಣವಿತ್ತು.

"ಸಮೀಕ್ಷಾ, ಅಪ್ಪರ್ ಹಿಲ್‌ಗೆ ಬನ್ನಿ. ಈಗಲೇ. ಬೆಟ್ಟ ಕಾಣ್ತಿದೆ."

ಅವಳು ಹಾಸಿಗೆಯಿಂದ ಜಿಗಿದೆದ್ದಳು. "ಆಂಟಿ ನೋಡಿದ್ರಾ?"

"ಇಲ್ಲ. ಬೆನ್ನು ತಿರುಗಿಸಿ ಕೂತಿದ್ದಾರೆ. ನೀವು ಬರೋವರೆಗೂ ನೋಡಲ್ವಂತೆ."

"ಏನು ಹೀಗಂತೀರ? ಮೋಡ ಬಂದುಬಿಡತ್ತೆ. ಕುರ್ಚಿ ತಿರುಗಿಸಿ."

"ಪ್ರಯತ್ನ ಮಾಡಿದೆ. ಊರುಗೋಲಲ್ಲಿ ಹೊಡೆದ್ರು."

ಸಮೀಕ್ಷಾ ನೈಟ್‌ಡ್ರೆಸ್ಸಿನ ಮೇಲೆ ಅಪ್ಪನ ಸ್ವೆಟರ್ ಎಳೆದುಕೊಂಡು ಓಡಿದಳು. ಗೇಟಿನ ಬಳಿ ಸಿಕ್ಕಿದ ಬಾಡಿಗೆ ಬೈಕಿನ ಹಿಂದೆ ಕೂತು, "ಹರಾಕಾ, ಹರಾಕಾ" ಎಂದು ಅವಸರಪಡಿಸಿದಳು. ಮೊಂಬಾಸಾ ರಸ್ತೆಯ ಲಾರಿಗಳ ನಡುವೆ ಬೈಕು ನುಸುಳಿತು. ತಣ್ಣನೆಯ ಗಾಳಿಗೆ ಕಣ್ಣಲ್ಲಿ ನೀರು. ಪೂರ್ವದಲ್ಲಿ ಕೆಂಪು ಏರುತ್ತಿತ್ತು. ಬೇಡ... ಇಷ್ಟು ಬೇಗ ಬೇಡ. ಒಂದು ಸಲ ಅವರಿಗೆ ಮೋಡ ತೋರಿಸಿದ್ದೇನೆ. ಇನ್ನೊಂದು ಸಲ ನನ್ನಿಂದ ತಪ್ಪಿಹೋಗುವುದು ಬೇಡ.

ಇಳಿದವಳೇ "ಅಸಾಂಟೆ" ಎಂದು ಬೈಕಿನವನಿಗೆ ಥ್ಯಾಂಕ್ಸ್ ಕೂಗಿ ಲಿಫ್ಟಿಗೆ ಓಡಿದಳು.

ಟೆರೇಸಿನ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಂಕಿ ಕ್ಯಾಪ್ ಹಾಕಿಕೊಂಡು, ಉತ್ತರಕ್ಕೆ ಬೆನ್ನು ಮಾಡಿ ಚಂದ್ರಿಕಾ ಕೂತಿದ್ದರು.

"ಬಂದ್ಯಾ? ಮೊದಲು ಉಸಿರಾಡು."

"ಆಂಟಿ, ಮೋಡ ಬರ್ತಿದೆ..."

"ಬರಲಿ. ಆಗಸ್ಟ್‌ನಲ್ಲಿ ಮಳೆ ಅಂತ ನನಗೆ ಗೊತ್ತಿತ್ತು ಕಣೇ. ಗೊತ್ತಿದ್ದೇ ಹೋದೆ. ನಿನ್ನ ತಪ್ಪು ಏನೂ ಇಲ್ಲ. ಇದನ್ನ ಹೇಳದೆ ಬೆಟ್ಟ ನೋಡಿದ್ರೆ ನನಗೆ ಸರಿಹೋಗಲ್ಲ. ಈಗ ತಿರುಗಿಸಿ."

ಇಬ್ಬರೂ ಸೇರಿ ಕುರ್ಚಿ ತಿರುಗಿಸಿದರು.

ನಗರದ ಕಟ್ಟಡಗಳ ಆಚೆ, ಬಲು ದೂರದಲ್ಲಿ, ಗಾಢ ನೀಲಿಯ ಮುರುಕು ಶಿಖರವೊಂದು ಆಕಾಶಕ್ಕೆ ಅಂಟಿಸಿದಂತೆ ನಿಂತಿತ್ತು. ರಾತ್ರಿ ಬಿದ್ದ ಹೊಸ ಹಿಮ ತುದಿಯಲ್ಲಿ ಎಳೆಯಾಗಿ ಹೊಳೆಯುತ್ತಿತ್ತು. ಒಂದು ಭುಜದ ಮೇಲೆ ಆಗಲೇ ಮೋಡ ಕೈಯಿಟ್ಟಿತ್ತು.

ನಿಧಾನವಾಗಿ ಚಂದ್ರಿಕಾ ಅವರ ಬಲಗೈ ಮೇಲೆದ್ದಿತು. ಸೀಮೆಸುಣ್ಣ ಹಿಡಿದಂತೆ ಬೆರಳು ಮಡಿಸಿ, ಗಾಳಿಯಲ್ಲಿ ಆ ಶಿಖರದ ಅಂಚನ್ನು ಬರೆಯುತ್ತಾ ಹೋದರು. ಏರು, ಇಳಿತ, ಮತ್ತೆ ಏರು. ಬರೆದು ಮುಗಿದ ಮೇಲೆ ತುಟಿಯಲ್ಲೇ ಏನೋ ಅಂದರು.

ಸಮೀಕ್ಷಾಳ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಸುದರ್ಶನ್ ನಿಂತಿದ್ದ.

"ಮೋಡದ ಮೇಲಿನ ಕೋಪ ನಿಮ್ಮ ಮೇಲೆ ತೀರಿಸಿಕೊಂಡೆ," ಎಂದ. "ಎರಡು ಸಲ. ಸಾರಿ."

"ಮೊದಲನೇ ಶನಿವಾರ ನಾನು ಕೆಲಸಕ್ಕೋಸ್ಕರವೇ ಬಂದಿದ್ದೆ. ಅದು ಸುಳ್ಳಲ್ಲ."

"ಉಳಿದ ಶನಿವಾರಗಳು?"

"ಉಳಿದದ್ದು... ಆಂಟಿಗೋಸ್ಕರ."

"ನಂಬಬೇಡ ಕಣೋ," ಎಂದರು ಚಂದ್ರಿಕಾ, ಬೆಟ್ಟದಿಂದ ಕಣ್ಣು ತೆಗೆಯದೆ.

ಸಮೀಕ್ಷಾ ಅಳುತ್ತಲೇ ನಕ್ಕುಬಿಟ್ಟಳು. ಸುದರ್ಶನ್ ಕೈ ಚಾಚಿದ. ಇಲ್ಲಿ ಜಾರುವ ಮೆಟ್ಟಿಲಿರಲಿಲ್ಲ. ಆದರೂ ಅವಳು ಹಿಡಿದುಕೊಂಡಳು.

"ಅವತ್ತು ಒಂದು ಮಾತು ಹೇಳ್ತೀನಿ ಅಂದಿದ್ದೆ. ಇಲ್ಲಿ ನೀರಿನ ಸದ್ದಿಲ್ಲ," ಎಂದ ಅವನು. "ನನ್ನ ಎಲ್ಲ ಶನಿವಾರಗಳೂ ನಿನಗೆ ಬೇಕಾ ಸಮೀಕ್ಷಾ?"

"ಭಾನುವಾರ?"

"ಅದೂ."

"ಹಾಗಾದ್ರೆ ಕೌಸಾನಿಗೆ ಟಿಕೆಟ್ ಮಾಡ್ಲಾ? ನಾನೂ ನೋಡಿಲ್ಲ. ಮುಂದಿನ ವರ್ಷ, ನವೆಂಬರ್‌ಗೆ. ಸರಿಯಾಗಿ ವಿಚಾರಿಸಿ ಮಾಡ್ತೀನಿ."

"ಆಗಸ್ಟ್‌ಗೇ ಮಾಡು," ಎಂದ ಸುದರ್ಶನ್. "ನೀನು ಪಕ್ಕದಲ್ಲಿದ್ರೆ ನನಗೆ ಮೋಡ ಸಾಕು."

ಬೆಟ್ಟ ಮರೆಯಾಗುವವರೆಗೂ ಮೂವರೂ ಅಲ್ಲೇ ಇದ್ದರು. ಆ ಬೆಳಿಗ್ಗೆ ಚಂದ್ರಿಕಾ ತುಟಿಯಲ್ಲೇ ಅಂದದ್ದು ಏನೆಂದು ಮಗನಿಗೂ ಕೇಳಿಸಲಿಲ್ಲ, ಸಮೀಕ್ಷಾಳಿಗೂ ಕೇಳಿಸಲಿಲ್ಲ. ಆಮೇಲೆ ಕೇಳಿದರೆ ಅವರು ನಕ್ಕು ಸುಮ್ಮನಾದರಂತೆ. ಅದು ಎದುರಿಗಿದ್ದ ಬೆಟ್ಟಕ್ಕೆ ಹೇಳಿದ ಮಾತೋ, ಮೋಡದ ಹಿಂದೆಯೇ ಉಳಿದ ಆ ಇನ್ನೊಂದಕ್ಕೆ ಹೇಳಿದ ಮಾತೋ, ನನಗೆ ಗೊತ್ತಿಲ್ಲ.